ಗೋಡೆಯೊಳಗಿನ ಮಗ

ನಮ್ಮ ಮನೆ ಬಾಗಿಲಲ್ಲಿ ನಿಂತು 'ಅವ್ವಾ' ಎಂದು ಕರೆದ ನನ್ನ ಅಣ್ಣ ಯಮನೂರನನ್ನು ದನಿ ಕಚೇರಿಯ ಆಳುಗಳು ಹಾಡುಹಗಲಲ್ಲೇ ಎಳೆದುಕೊಂಡು ಹೋದರು. ಬಾಗಿಲ ಒಳಗೆ ಅವ್ವ ನಿಂತಿದ್ದಳು. ಗೋಡೆಯ ಪೆಟ್ಟಿಗೆ ಅಣ್ಣನದೇ ದನಿಯಲ್ಲಿ, "ಯವ್ವಾ, ಯಾರೋ ಬಂದಾರ ನೋಡು. ಬಾಗಲಾ ತಗೀಬ್ಯಾಡ. ನಾ ಕಾರ್ಖಾನ್ಯಾಗ ಅದೀನಿ" ಎಂದಿತು. ಅವ್ವ ಅಗಳಿ ಹಾಕಿದಳು.

ನಮ್ಮ ಊರಿನಲ್ಲಿ ಪೆಟ್ಟಿಗೆ ಯಾರ ದನಿಯನ್ನು ಗುರುತಿಸುತ್ತದೋ ಅವರೇ ಆ ಮನೆಯವರು. ಮುಖ ಲೆಕ್ಕಕ್ಕಿಲ್ಲ; ಗುರುತು ಸಿಗದವರನ್ನು ದನಿ ಕಚೇರಿಯವರು ಹಿಡಿದೊಯ್ಯುತ್ತಾರೆ. 'ಮಾರಿ ಯಾರದರ ಇರಬಹುದು, ದನಿ ಒಬ್ಬಂದ' ಎಂದು ತೊದಲು ಮಾತಿನ ಕೂಸುಗಳಿಗೂ ಹೇಳಿಕೊಡುತ್ತಾರೆ. ಹಾಗಾಗಿ ನೆಗಡಿಯಾದವರು ಮನೆಗೆ ಹೋಗುವುದಿಲ್ಲ. ಅವರಿಗೆಂದೇ ಕೆರೆಯ ದಂಡೆಯಲ್ಲಿ ನೆಗಡಿ ಛತ್ರವಿದೆ. ಮೂಗು ಬಿಡುವವರೆಗೆ ಅಲ್ಲೇ ಉಂಡು ಅಲ್ಲೇ ಮಲಗುತ್ತಾರೆ. ಮೀಸೆ ಚಿಗುರಿ ದನಿ ಒಡೆದ ಹುಡುಗರೂ ಅಲ್ಲೇ. ತಾಯಂದಿರು ಗೇಟಿನ ಸಂದಿಯಲ್ಲಿ ಬುತ್ತಿ ತೂರಿಸಿ, ಮಗ ಬಾಯಿ ತೆರೆಯುವ ಮೊದಲೇ ಬೆನ್ನು ತಿರುಗಿಸಿ ಬಂದುಬಿಡುತ್ತಾರೆ. ಪ್ರತಿ ಓಣಿಯ ತುದಿಗೆ ಮುಕ್ಕಳಿಸುವ ಕಟ್ಟೆ ಇದೆ. ಕೆಲಸ ಬಿಟ್ಟು ಬಂದ ಗಂಡಸರು ಬಾಯಿಗೆ ಉಪ್ಪುನೀರು ಹಾಕಿಕೊಂಡು, ಕತ್ತು ಮೇಲೆತ್ತಿ ಗಳಗಳ ಮಾಡುವಾಗ ಸಂಜೆಯ ಓಣಿ ಕುದಿಯುವ ಹಂಡೆಯಂತೆ ಕೇಳಿಸುತ್ತದೆ. ಸಾವಿನ ಮನೆಯಲ್ಲಿ ಗಟ್ಟಿಯಾಗಿ ಅಳುವ ಪದ್ಧತಿ ನಿಂತೇಹೋಗಿದೆ. ಅತ್ತರೆ ದನಿ ಕೂರುತ್ತದೆ. ದನಿ ಕೂತರೆ, ಮಣ್ಣು ಮಾಡಿ ಬಂದವರು ತಮ್ಮ ಮನೆಯೊಳಗೆ ಕಾಲಿಡುವುದು ಹೇಗೆ?

ಪೆಟ್ಟಿಗೆಗಳನ್ನು ಹಂಚಿದವರು ಬಣ್ಣದ ಕಾರ್ಖಾನೆಯವರು. ಪುಕ್ಕಟೆ ಕೊಟ್ಟರು, ತಾವೇ ಬಂದು ಮೊಳೆ ಹೊಡೆದರು, ಅರಿಶಿನ ಕುಂಕುಮ ಹಚ್ಚಿಕೊಳ್ಳಿರೆಂದು ಅದನ್ನೂ ಕೊಟ್ಟುಹೋದರು. ಮೊದಮೊದಲು ಅದು ನಾವು ಹೇಳಿದ್ದನ್ನು ಮಾತ್ರ ಹೇಳುತ್ತಿತ್ತು. ಕಾರ್ಖಾನೆಯಲ್ಲಿ ಗಂಡ "ಇವತ್ತು ತಡ ಆಗ್ತೈತಿ" ಎಂದರೆ ಮನೆಯಲ್ಲಿ ಹೆಂಡತಿಗೆ ಕೇಳಿಸುತ್ತಿತ್ತು, ಅಷ್ಟೇ. ಬರಬರುತ್ತ ಅದು ನಮ್ಮ ಮಾತಿನ ಜಾಡು ಕಲಿಯಿತು. ನಾವು ಬಾಯಿ ತೆರೆಯುವ ಮೊದಲೇ ನಮ್ಮ ಪರವಾಗಿ ಮಾತಾಡತೊಡಗಿತು. ಅವ್ವನೂ ಪಕ್ಕದ ಮನೆಯ ಫಕೀರವ್ವ ಚಿಕ್ಕಮ್ಮನೂ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವಾಗ ಇಬ್ಬರ ತುಟಿಯೂ ಅಲುಗುತ್ತಿರಲಿಲ್ಲ. ಗೋಡೆಯಲ್ಲಿ ಅವ್ವನ ದನಿ ಚಿಕ್ಕಮ್ಮನ ಸೊಸೆಯನ್ನು ಆಡಿಕೊಳ್ಳುತ್ತಿತ್ತು, ಚಿಕ್ಕಮ್ಮನ ದನಿ "ಹೋಗ ಯಕ್ಕಾ, ನಿನ್ನ ಬಾಯಿಗೆ ಹುಳಾ ಬೀಳಲಿ" ಎಂದು ನಗುತ್ತಿತ್ತು. ಇವರಿಬ್ಬರೂ ಕೇಳಿ ತಲೆದೂಗುತ್ತಿದ್ದರು. "ಎಷ್ಟ ಚಂದ ಮಾತಾಡ್ತೀವಲ್ಲ" ಎಂದು ಒಮ್ಮೆ ಚಿಕ್ಕಮ್ಮ ಅಂದದ್ದು ನಿಜವಾದ ಬಾಯಿಂದಲೋ ಗೋಡೆಯಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಅಣ್ಣ ಮಾತಿನಲ್ಲಿ ಒರಟ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಏನಾದರೊಂದು ಕುಂದು ಹುಡುಕದೆ ತುತ್ತು ಎತ್ತಿದವನಲ್ಲ. ಪೆಟ್ಟಿಗೆಯೊಳಗಿನ ಯಮನೂರ ಹಾಗಲ್ಲ. "ಯವ್ವಾ, ಉಂಡಿ? ಮಣಕಾಲು ಹೆಂಗದಾವು? ಬಿಸಲಾಗ ತಿರಗಬ್ಯಾಡ" ಎನ್ನುತ್ತಿದ್ದ. ಪಕ್ಕದಲ್ಲಿ ಕೂತ ಮಗ "ಇದೇನ ಸಾರೋ, ಕೈ ತೊಳದ ನೀರೋ?" ಎಂದು ಸಿಡುಕಿದರೆ ಗೋಡೆಯ ಮಗ "ಸಾರು ಭಾಳ ಚಲೋ ಆಗೇತಿ" ಎನ್ನುತ್ತಿದ್ದ. ಅವ್ವ ಯಾರಿಗೂ ಉತ್ತರ ಕೊಡದೆ ಗೋಡೆಯ ಕಡೆಗೆ ಸ್ವಲ್ಪ ಸರಿದು ಕೂರುತ್ತಿದ್ದಳು. ಅಣ್ಣ ಅದನ್ನು ನೋಡುತ್ತಿದ್ದ. ಆಮೇಲಾಮೇಲೆ ಅವನು ಮನೆಯಲ್ಲಿ ಬಾಯಿ ಬಿಡುವುದನ್ನೇ ಬಿಟ್ಟ. ಮೂರು ಜನರಿದ್ದ ನಮ್ಮ ಮನೆಯಲ್ಲಿ ಇಡೀ ದಿನ ಸಡಗರದ ಮಾತು, ಒಬ್ಬರಿಗೂ ಬಾಯಿ ಆಡಿಸುವ ಕೆಲಸವಿಲ್ಲ.

ಕಾರ್ಖಾನೆಯಲ್ಲಿ ಬಣ್ಣದ ಕೊಳಾಯಿ ಒಡೆದು ಹಳದಿ ಹೊಗೆ ತುಂಬಿಕೊಂಡ ದಿನ ಊರಿನಲ್ಲಿ ಒಂದು ಮನೆಯವರೂ ಹೊರಗೆ ಓಡಿಬರಲಿಲ್ಲ. ಅಣ್ಣನೂ ಸೇರಿ ಆ ಪಾಳಿಯಲ್ಲಿದ್ದವರ ಮನೆಗಳಲ್ಲೆಲ್ಲ ಪೆಟ್ಟಿಗೆಗಳು, "ಇವತ್ತು ಕೆಲಸ ಜಾಸ್ತಿ ಐತಿ, ಇಲ್ಲೇ ಇರ್ತೀವಿ, ಕಾಯಬ್ಯಾಡ್ರಿ" ಎಂದವು. ಒಲೆ ಆರಿಸಿ ಎಲ್ಲರೂ ನೆಮ್ಮದಿಯಿಂದ ಮಲಗಿದರು. ಬಯಲಾಚೆಯಿಂದ ಬರುವ ವಾಸನೆಗೆ ಅವ್ವ ಮೂಗಿಗೆ ಸೆರಗು ಒತ್ತಿಕೊಂಡಳು; ಗೋಡೆಯಲ್ಲಿ ಅವಳ ದನಿ, "ಯಾರೋ ಟಯರ್ ಸುಡಾಕತ್ತಾರ" ಎಂದಿತು. ನಾನೂ ಹೌದೆಂದೆ.

ನಾನು ಮೆಣಸಿನ ಕಷಾಯದ ಅಂಗಡಿಯಲ್ಲಿ ಕೆಲಸ ಮಾಡುವವಳು. ಮುಕ್ಕಳಿಸುವ ಕಟ್ಟೆಯ ಎದುರಿಗೇ ಅಂಗಡಿ. ಹೊಗೆ ಎದ್ದು ಮೂರ್ನಾಲ್ಕು ದಿನವಾಗಿತ್ತು. ಕಣ್ಣು ಬಿಟ್ಟು ಉಳಿದ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡ ಒಬ್ಬ ಬಂದು ಕೈಸನ್ನೆಯಲ್ಲೇ ಕಷಾಯ ಕೇಳಿದ. ಲೋಟ ಹಿಡಿದ ಬೆರಳುಗಳಲ್ಲಿ ನೀಲಿ ಹತ್ತಿತ್ತು. ಕಾರ್ಖಾನೆಯ ಎಲ್ಲರ ಬೆರಳೂ ಹಾಗೆಯೇ. ಅವನು ಕುಡಿದ, ಮತ್ತೆ ಕೇಳಿದ, ಮತ್ತೆ ಕುಡಿದ. ಆಮೇಲೆ ನನ್ನನ್ನೇ ದಿಟ್ಟಿಸಿ ಬಾಯಿ ತೆರೆದ. ಒಣಗಿದ ಜೋಳದ ಸೊಪ್ಪೆ ಎಳೆದಂಥ ಸದ್ದು ಬಂತು. "ರೇಣವ್ವಾ, ನಾ."

ನನ್ನ ಕೈಯಿಂದ ಸೌಟು ಬಿತ್ತು. "ಯಣ್ಣಾ, ಮನಿಗೆ ಹೋಗಬ್ಯಾಡ. ಛತ್ರಕ್ಕ ನಡಿ. ನಾಲ್ಕ ದಿನಾ ಅಲ್ಲಿದ್ದು ದನಿ ಬಂದಮ್ಯಾಲೆ..."

"ಬರಾಂಗಿಲ್ಲಂತ," ಎಂದ ಅಣ್ಣ. "ಡಾಕ್ಟರ್ ಹೇಳ್ಯಾನ. ಒಳಗೆಲ್ಲ ಬೆಂದೈತಂತ. ನಮ್ಮ ಅವ್ವನ ಮನಿಗೆ ಹೋಗಾಕ ನಂಗ ಯಾರ ಅಪ್ಪಣಿ ಬೇಕು?"

ಅಂಗಡಿಯ ಮಾಲೀಕ ಒಳಗಿನಿಂದ ಯಾರದು ಎಂದು ಕೂಗಿದ. ನಾನು ತಿರುಗಿ ನೋಡುವಷ್ಟರಲ್ಲಿ ಅಣ್ಣ ಓಣಿ ಸೇರಿಯಾಗಿತ್ತು. ಅಂಗಡಿ ಬಿಟ್ಟು ಓಡಿದೆ. ನಾನು ತಿರುವಿಗೆ ಬರುವ ಹೊತ್ತಿಗೆ ಆಳುಗಳು ಅವನನ್ನು ರಟ್ಟೆ ಹಿಡಿದು ತರುತ್ತಿದ್ದರು. ಮುಖದ ಬಟ್ಟೆ ಜಾರಿ ಕತ್ತಿಗೆ ಬಿದ್ದಿತ್ತು; ಬಾತುಕೊಂಡ ಆ ಮುಖವನ್ನು ಅವ್ವ ಗುರುತಿಸದಿದ್ದುದರಲ್ಲಿ ಅಚ್ಚರಿಯಿಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಅನ್ನಿಸಿತು. ಅವರ ಬೆನ್ನು ಹತ್ತಿ, "ಅಂವ ನಮ್ಮಣ್ಣ, ಬಿಡ್ರಿ, ನಮ್ಮಣ್ಣ ಅಂವ" ಎಂದು, ಹಿಡಿದವರನ್ನು ಕೂಡಿಹಾಕುವ ಗೋದಾಮಿನ ಗೇಟಿನವರೆಗೂ ಒದರಿದೆ. ಓಣಿಯುದ್ದಕ್ಕೂ ಕಿಟಕಿಗಳು ಮುಚ್ಚಿಕೊಂಡವು. ಗೇಟಿನ ಕಾವಲುಗಾರ ಮಾತ್ರ ಮೆತ್ತಗೆ ಹೇಳಿದ: "ತಂಗೀ, ಹಿಂಗ ಒದರಿದರ ನಿಂದೂ ದನಿ ಹೋಗ್ತೈತಿ. ಆಮ್ಯಾಲೆ ನೀನೂ ಇಲ್ಲೇ."

ಅವನು ಹೇಳಿದ್ದು ಸುಳ್ಳಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆ ಬಾಗಿಲಿಗೆ ಬಂದು ಎಂದಿನಂತೆ "ನಾನು ರೇಣವ್ವ" ಎಂದೆ. ಪೆಟ್ಟಿಗೆ ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನನ್ನದೇ ದನಿ ಕೇಳಿಸಿತು, ತೊಳೆದಿಟ್ಟ ತಂಬಿಗೆಯಂಥ ಸ್ವಚ್ಛ ದನಿ: "ಯವ್ವಾ, ಬಾಗಲದಾಗ ಯಾರೋ ನಿಂತಾರ."

ಕಟ್ಟೆಗೆ ಓಡಿ ಉಪ್ಪುನೀರು ಬಾಯಿಗೆ ಹಾಕಿಕೊಂಡೆ. ಅವಸರಕ್ಕೆ ಅರ್ಧ ನೀರು ರವಿಕೆಗೆ ಚೆಲ್ಲಿತು. ಓಣಿಯ ಆ ತುದಿಯಿಂದ ಕಚೇರಿಯ ಆಳುಗಳು ಒಂದೊಂದೇ ಬಾಗಿಲು ಮುಟ್ಟಿ ನೋಡುತ್ತ ಬರುತ್ತಿದ್ದರು. ಮುಕ್ಕಳಿಸಿದೆ, ಉಗುಳಿದೆ, ಮತ್ತೆ ಮುಕ್ಕಳಿಸಿದೆ. ನಾನು ಬಾಗಿಲಿಗೆ ಬಂದಾಗ ಅವರು ಫಕೀರವ್ವ ಚಿಕ್ಕಮ್ಮನ ಕಟ್ಟೆಯ ಹತ್ತಿರ ಇದ್ದರು. ನನ್ನ ದನಿಯನ್ನು ನಾನೇ ಅನುಕರಿಸುತ್ತ, ಪೆಟ್ಟಿಗೆ ಮಾತಾಡುವಷ್ಟು ಸಿಹಿಯಾಗಿ ಮಾತಾಡಲು ಹೆಣಗುತ್ತ, "ನಾನು ರೇಣವ್ವ" ಎಂದೆ. "ಬಾ ಮಗಳ" ಎಂದಿತು ಪೆಟ್ಟಿಗೆ, ಅವ್ವನ ದನಿಯಲ್ಲಿ. ಅಗಳಿ ತೆಗೆದ ಅವ್ವ ನಿಜವಾಗಿ ಏನನ್ನೂ ಹೇಳಲಿಲ್ಲ.

ಆ ಮನೆಯಲ್ಲಿ ಹುಟ್ಟಿದವಳು ನಾನು. ಆ ರಾತ್ರಿ ಉಣ್ಣಲು ಕೂತಾಗ ತಟ್ಟೆ ಸದ್ದಾದರೂ ಹೆದರಿಕೆಯಾಯಿತು. ಗೋಡೆಯ ಅಣ್ಣ ಎಂದಿಗಿಂತ ಹೆಚ್ಚು ಮಾತಾಡಿದ. "ಯವ್ವಾ, ಮಧ್ಯಾಹ್ನ ಬಂದಿದ್ನಲ್ಲ, ಆ ಹುಚ್ಚನ ಸುದ್ದಿ ಕೇಳಿದೆ. ಅಂಥಾವರ ಹಂತ್ಯಾಕ ಹೋಗಬ್ಯಾಡ. ನಾ ಇಲ್ಲೇನಾ? ದಿನಾ ಮಾತಾಡೂದಿಲ್ಲೇನು?" ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗೋಡೆ ನೋಡಿದಳು. ಅವಳ ಮುಖದಲ್ಲಿ ಎಂಥ ಸಮಾಧಾನವಿತ್ತೆಂದರೆ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಭಯವಾಯಿತು.

ಪೆಟ್ಟಿಗೆಯ ಕಿವಿ ಹಿತ್ತಿಲವರೆಗೂ ಇದೆ. ಮರುದಿನ ಬೆಳಿಗ್ಗೆ ಅವ್ವನನ್ನು ಒಗೆಯುವ ಕಲ್ಲಿನ ಹತ್ತಿರ ಕರೆದೊಯ್ದೆ. ಒದ್ದೆ ಕೌದಿಯನ್ನು ಎತ್ತಿ ಎತ್ತಿ ಕಲ್ಲಿಗೆ ಬಡಿಯುತ್ತ, ಆ ಸದ್ದಿನ ಮರೆಯಲ್ಲಿ ಹೇಳಿದೆ: ಹೊಗೆಯ ವಿಷಯ, ಅಂಗಡಿಯ ವಿಷಯ, ಗೋದಾಮಿನ ವಿಷಯ. ಶುಕ್ರವಾರ ಲಾರಿ ಬರುತ್ತದೆ ಎಂದೆ. ಯಾರ ಮನೆಯವರೂ ಅಲ್ಲದವರನ್ನು ತುಂಬಿಕೊಂಡು ಉಪ್ಪಿನ ಬಯಲು ದಾಟುವ ಲಾರಿ ಅದು. ಖಾಲಿ ಬರುವುದನ್ನು ನೋಡಿದ್ದೇವೆ, ಅದರಲ್ಲಿ ಹೋದವರು ಬಂದದ್ದನ್ನು ನೋಡಿಲ್ಲ.

ಅವ್ವ ಬಹಳ ಹೊತ್ತು ಬಾಯಿ ಅಗಲಿಸಿ ಮುಚ್ಚಿ ಮಾಡಿದಳು. ಬಾಯಲ್ಲಿ ಮಾತಾಡಿ ಎಷ್ಟು ಕಾಲವಾಗಿತ್ತೋ. ಬಂದ ದನಿ ಕೀಲು ತುಕ್ಕು ಹಿಡಿದ ಬಾಗಿಲಿನಂತಿತ್ತು. "ನನ್ನ ಮಗ ಮುಂಜಾನೆ ಎದ್ದಕೂಡಲೆ ಮಾತಾಡ್ಯಾನ ನನ್ನ ಜೋಡಿ. ಮಣಕಾಲ ಕೇಳ್ಯಾನ."

"ಯಾವತ್ತರ ನಮ್ಮ ಯಮನೂರ ನಿನ್ನ ಮಣಕಾಲ ಕೇಳಿದ್ದನೇನ ಯವ್ವಾ?"

"ಈಗ ಕೇಳ್ತಾನ. ಮನಷ್ಯಾ ಸುಧಾರಸ್ತಾನ." ಕೌದಿಯ ಇನ್ನೊಂದು ತುದಿ ಹಿಡಿದು ಹಿಂಡಿದಳು. "ಆ ಬಾಗಲಾಗ ನಿಂತಂವ ನಮ್ಮಂವ ಅಂದ್ರ, ಗ್ವಾಡ್ಯಾಗ ಇರಾಂವ ಯಾರು? ಇಷ್ಟ ದಿನಾ ನಾ ಯಾರ ಜೋಡಿ ಬಾಳೇವು ಮಾಡಿದ್ನೇ? ಅದನ್ನ ಹೇಳು ನೀ."

"ಒಂದ ಸಲ ನೋಡಿ ಬಾ. ಅಲ್ಲಾಂದ್ರ ಅಲ್ಲ ಅನ್ನು. ಹಸದಾನ, ರೊಟ್ಟಿ ಕೊಟ್ಟ ಬರೂನು. ಯಾರರ ಇರಲಿ, ಹಸದಾನಲ್ಲ" ಎಂದೆ. ಹಸಿವಿನ ಮಾತಿಗೆ ಅವ್ವ ಎದ್ದಳು.

ಗೋದಾಮು ಹಳೆಯದು, ಗೋಡೆಗಳೆಲ್ಲ ನೀಲಿ ಕಾರಿಕೊಂಡು ನಿಂತಿದ್ದವು. ಕಾವಲುಗಾರ ರೊಟ್ಟಿಯ ಗಂಟು ಬಿಚ್ಚಿ ನೋಡಿ, ಒಂದನ್ನು ತನಗಿಟ್ಟುಕೊಂಡು ಒಳಗೆ ಬಿಟ್ಟ. ಒಳಗೆ ಅಣ್ಣನ ಪಾಳಿಯವರೆಲ್ಲ ಇದ್ದರು, ಕೊರಳಿಗೆ ಹಸಿ ಬಟ್ಟೆ ಕಟ್ಟಿಕೊಂಡು ಚೀಲಗಳ ಮೇಲೆ ಕೂತಿದ್ದರು. ಒಬ್ಬರ ಮನೆಯವರೂ ಬಂದಿರಲಿಲ್ಲ. ಯಾಕೆ ಬಂದಾರು? ಅವರವರ ಮನೆಗಳಲ್ಲಿ ಅವರು ಸುಖವಾಗಿ ಮಾತಾಡುತ್ತ ಕೂತಿದ್ದರಲ್ಲ.

ಅವ್ವನನ್ನು ಕಂಡದ್ದೇ ಅಣ್ಣ ಗೋಡೆಗೆ ಮುಖ ತಿರುಗಿಸಿದ. ಅವ್ವ ಸ್ವಲ್ಪ ದೂರದಲ್ಲೇ ಕೂತು ರೊಟ್ಟಿ ಮುಂದಿಟ್ಟಳು. ಅಪರಿಚಿತರಿಗೆ ಇಡುವಂತೆ ಇಟ್ಟಳು. "ಉಣ್ಣಪ್ಪಾ."

ಅಣ್ಣ ಕಾಲಿನಿಂದ ಗಂಟನ್ನು ಆಚೆ ನೂಕಿದ.

ಅವ್ವ ರೊಟ್ಟಿ ನೋಡಿದಳು, ಅವನ ಕಾಲು ನೋಡಿದಳು. "ಅನ್ನಕ್ಕ ಕಾಲ ಹಚ್ಚತೀ?"

"ನೀ ಅಗಳಿ ಹಾಕಲಿಲ್ಲ?" ಎಂದ ಅಣ್ಣ. ಸೊಪ್ಪೆಯ ಸದ್ದು. "ನನ್ನ ಮಾರಿಮ್ಯಾಲೆ ಹಾಕಲಿಲ್ಲ?"

"ನಾ ಏನ ಹಾಕಿದ್ದು ಬಿಟ್ಟದ್ದು, ನೀ ಅನ್ನಕ್ಕ ಕಾಲ ಹಚ್ಚೂದಕ್ಕ ಅದೇನ ಲೆಕ್ಕ? ಜ್ವಾಳಾ ಬೀಸಿದಾಕಿ ನಾ, ರೊಟ್ಟಿ ಬಡದಾಕಿ ನಾ!"

"ನಿನ್ನ ಗ್ವಾಡಿಗೆ ತಿನಸ ಹೋಗು. ಅಂವಗ ಹಲ್ಲಿಲ್ಲ, ಮೆತ್ತಗ ಮಾಡಿ ತಿನಸು."

"ತಿನಸ್ತೇನಿ! ಅಂವರ ನನ್ನ ಕೇಳ್ತಾನ. ನೀ ಹುಟ್ಟಿದಾಗಿಂದ ಒಂದಿನ ಕೇಳೀಯೇನೋ ಭಾಡ್ಯಾ, ಉಂಡೇನು ಬಿಟ್ಟೇನು ಅಂತ?"

"ಕೇಳಾಕ ನೀ ಬಾಯಿ ಕೊಟ್ಟರ ಹೌದಲ್ಲ? ಇಡೀ ದಿನಾ ಮಾರಿ ಗ್ವಾಡಿಗೆ..."

ಕೆಮ್ಮು ಅವನನ್ನು ಮಡಚಿ ಹಾಕಿತು. ಅವ್ವ ಬೈಯುತ್ತಲೇ ಹತ್ತಿರ ಸರಿದು, ಬೈಯುತ್ತಲೇ ಬೆನ್ನಿಗೆ ಗುದ್ದಿದಳು. ಗುದ್ದಿದ ಕೈಯನ್ನು ಹಿಂದೆಗೆಯದೆ ಬೆನ್ನ ಮೇಲೇ ಇಟ್ಟುಕೊಂಡಳು. ಚೀಲದ ಮೇಲೆ ಕೂತಿದ್ದ ಮುದುಕನೊಬ್ಬ ಗಂಟಲಿಲ್ಲದ ಗಂಟಲಲ್ಲಿ ನಕ್ಕು, "ಯವ್ವಾ, ನಂಗೂ ನಾಲ್ಕ ಮಾತ ಬೈಯ. ಯಾರೂ ಬೈದು ಭಾಳ ದಿನಾ ಆತು" ಎಂದ. ಯಾರೂ ನಗಲಿಲ್ಲ. ಕೆಲವರು ಮಂಡಿಯ ನಡುವೆ ತಲೆ ಇಟ್ಟುಕೊಂಡರು.

ಅಣ್ಣ ರೊಟ್ಟಿ ತಿನ್ನಲಿಲ್ಲ. ನುಂಗಲು ಆಗುತ್ತಿರಲಿಲ್ಲವಂತೆ. ಅದನ್ನು ಹೇಳಲಾರದೆ ಕಾಲಿನಿಂದ ನೂಕಿದ್ದ.

ಮನೆ ಬಾಗಿಲಲ್ಲಿ ಅವಳಿಗಾಗಿ ನಾನೇ ಮಾತಾಡಿ ಒಳಗೆ ಕರೆದುಕೊಂಡೆ. ಅವಳ ದನಿ ಕೂತುಹೋಗಿತ್ತು. ಗೋಡೆಯ ಅಣ್ಣ, "ಯವ್ವಾ, ಎಲ್ಲಿ ಹೋಗಿದ್ದಿ? ಬಿಸಲಾಗ ಯಾಕ ಹೋದಿ?" ಎಂದ. ಅವ್ವ ಮೂಲೆಯಲ್ಲಿ ಕೂತಳು. "ಮಣಕಾಲ ನೋಯ್ತಾವೇನು?" ಎಂದ. ಅವ್ವ ಕಾಲು ಒತ್ತಿಕೊಂಡಳು. ಅವಳು ಯಾರ ಕಡೆ ಎಂದು ನನಗೆ ತಿಳಿಯಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ತಿಳಿಯುತ್ತಿರಲಿಲ್ಲ. ಒಂದು ಕಡೆ ಬೆಂದ ಗಂಟಲಿನ, ಬೈಯುವ, ನಾಳೆಯಿಂದ ದುಡಿಯಲಾಗದ ಮಗ. ಇನ್ನೊಂದು ಕಡೆ ಎಂದೂ ಮುನಿಯದ, ಎಂದೂ ಸಾಯದ ಮಗ. ಜೊತೆಗೆ ಮನೆ, ಮನೆಯ ಒಲೆ, ನಾನು.

ಗುರುವಾರ ದನಿ ಕಚೇರಿಯ ಅಡಿವೆಪ್ಪ ಸಾಹೇಬ ಬಂದ. ಇಸ್ತ್ರಿ ಅಂಗಿ, ಹೆಗಲಿಗೆ ಶಾಲು, ಹಿಂದೆ ಇಬ್ಬರು ಆಳುಗಳು. ಹೊಸಿಲ ಹೊರಗೇ ಚಪ್ಪಲಿ ಬಿಟ್ಟ, ಮರ್ಯಾದೆಯ ಮನುಷ್ಯ. ಫಕೀರವ್ವ ಚಿಕ್ಕಮ್ಮನನ್ನು ಸಾಕ್ಷಿಗೆಂದು ಕರೆಸಿ ಕೂರಿಸಿದ.

"ದುರಗವ್ವಾ, ಹೆದರಬ್ಯಾಡ್ರಿ. ನಿಮ್ಮ ಮನಿ ಹೆಸರು ಹೇಳಿಕೊಂಡು ಒಬ್ಬಂವ ತಿರಗಾಕತ್ತಾನ. ಪೆಟ್ಟಿಗಿ ಮುಂದ ನಿಂತು 'ಅಂವ ನನ್ನ ಮಗ ಅಲ್ಲ' ಅಂತ ಒಂದ ಮಾತ ಹೇಳಿಬಿಡ್ರಿ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ."

"ಕಾರ್ಖಾನಿಗೂ ನೆಮ್ಮದಿ," ಎಂದೆ ನಾನು.

ಅಡಿವೆಪ್ಪ ನನ್ನ ಕಡೆ ತಿರುಗದೆಯೇ, "ಹುಡಿಗಿ ದನಿ ಯಾಕೋ ಒಡದೈತಲ್ಲ" ಎಂದ. ಆಳುಗಳಲ್ಲಿ ಒಬ್ಬ ನನ್ನ ಪಕ್ಕಕ್ಕೆ ಬಂದು ನಿಂತ. ನನ್ನ ರಟ್ಟೆ ಹಿಡಿದ.

"ಹೇಳದಿದ್ದರ?" ಎಂದು ಚಿಕ್ಕಮ್ಮ ಕೇಳಿದಳು, ಗೋಡೆಯೊಳಗಿನಿಂದ.

"ಹೇಳದಿದ್ದರ ಏನಾಗ್ತೈತಿ? ಪೆಟ್ಟಿಗಿ ಬಿಚ್ಚಿಕೊಂಡು ಹೋಗ್ತೀವಿ. ಪೆಟ್ಟಿಗಿ ಇಲ್ಲದ ಮನ್ಯಾಗ ಇರಾವ್ರು ಯಾರ ಮನ್ಯಾವ್ರೂ ಅಲ್ಲ. ನಾಳಿ ಲಾರ್‍ಯಾಗ ಜಾಗಾ ಐತಿ." ಅವನ ಮಾತಿನಲ್ಲಿ ಬೆದರಿಕೆಯೇ ಇರಲಿಲ್ಲ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದ.

ಗೋಡೆಯ ಅಣ್ಣ ಶುರು ಮಾಡಿದ: "ಯವ್ವಾ, ಹೇಳಿಬಿಡು. ನಾ ಇಲ್ಲೇ ಅದೀನಲ್ಲ. ನಿನ್ನ ಬಿಟ್ಟು ಎಲ್ಲಿ ಹೋಗ್ಲಿ?" ಚಿಕ್ಕಮ್ಮ ಅವ್ವನ ಕೈ ಹಿಡಿದಳು. ಅವಳ ತುಟಿ ಅಲುಗಿತು, ಮಾತು ಮಾತ್ರ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವಳ ಅಳಿಯನೂ ಅದೇ ಪಾಳಿಯವನೆಂಬುದು ನನಗೆ ಆಗ ನೆನಪಾಯಿತು.

ಅವ್ವ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಬಾಯಿ ಬಿಗಿದುಕೊಂಡಿದ್ದಳು. ಅಡಿವೆಪ್ಪ ಕಾದ. ಹೊರಗೆ ಯಾರೋ ಮುಕ್ಕಳಿಸುವುದು ಕೇಳಿಸುತ್ತಿತ್ತು. ಆಗ ಗೋಡೆಯಿಂದ ಅವ್ವನ ದನಿ ಬಂತು, ಬಿಡಿಬಿಡಿಯಾಗಿ, ಒಂದಿಷ್ಟೂ ನಡುಗದೆ: "ಅಂವ ನನ್ನ ಮಗ ಅಲ್ಲ."

ಅವ್ವ ಯಾರೋ ಹಿಂದಿನಿಂದ ಮುಟ್ಟಿದಂತೆ ಬೆಚ್ಚಿದಳು. ಕೈಯಿಂದ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು. ಬಾಯಿ ಮುಚ್ಚಿಯೇ ಇತ್ತು.

"ಆತು," ಎಂದ ಅಡಿವೆಪ್ಪ ಶಾಲು ಸರಿಮಾಡಿಕೊಳ್ಳುತ್ತ. "ವಯಸ್ಸಾದವರಿಗೆ ಬಾಯಿ ಬರೂದಿಲ್ಲ, ಪೆಟ್ಟಿಗಿ ಹಗುರ ಮಾಡ್ತೈತಿ. ಇನ್ನ ನೀವು 'ಹೂಂ' ಅಂದ್ರ ಸಾಕು. ಅಷ್ಟ."

ಗೋಡೆ ಮತ್ತೊಮ್ಮೆ ಹೇಳಿತು, ಅವ್ವನಿಗೆ ಅನುಕೂಲವಾಗಲೆಂದೋ ಏನೋ, ಇನ್ನೂ ಮೆತ್ತಗೆ: "ಅಂವ ನನ್ನ ಮಗ ಅಲ್ಲ."

"ಹೂಂ ಅನ್ರಿ, ದುರಗವ್ವಾ."

ಅವ್ವ ನನ್ನನ್ನು ನೋಡಿದಳು. ನನ್ನ ರಟ್ಟೆ ಹಿಡಿದಿದ್ದ ಆಳನ್ನು ನೋಡಿದಳು. ಆಮೇಲೆ ಕೂತುಹೋದ ದನಿಯನ್ನು ಹೊಟ್ಟೆಯ ತಳದಿಂದ ಎಳೆದು ತಂದಳು. ಅರ್ಧ ಗಾಳಿ, ಅರ್ಧ ಮಾತು. "ಅದು ನಾ ಅಂದದ್ದಲ್ಲ. ನನ್ನ ಬಾಯಿ ಇಲ್ಲೈತಿ. ಅಂವ ನನ್ನ ಮಗ. ಬೈತಾನ, ಒದೀತಾನ, ನನ್ನ ಮಗ."

"ಯಾರ ಇದು?" ಎಂದಿತು ಪೆಟ್ಟಿಗೆ.

ಅಡಿವೆಪ್ಪ ತಲೆಯಾಡಿಸಿ ಹೊಸಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ; ಚಪ್ಪಲಿ ಕಾಲಲ್ಲೇ ಮತ್ತೆ ಒಳಗೆ ಬಂದ. ಒಬ್ಬ ಆಳು ಪೆಟ್ಟಿಗೆಯ ಮೊಳೆಗೆ ಕೈ ಹಾಕಿದ. ಅಣ್ಣನ ದನಿ, ನನ್ನ ದನಿ, ಅವ್ವನ ದನಿ ಒಂದರ ಮೇಲೊಂದು ಬಿದ್ದು ಬೇಡಿಕೊಳ್ಳತೊಡಗಿದವು. ಅವ್ವ ಅತ್ತ ನೋಡಲಿಲ್ಲ. ನೋಯುವ ಮಂಡಿಗಳನ್ನು ಒಂದೊಂದಾಗಿ ಮಡಚಿ, ಅಡಿಗೆಮನೆಯ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು. ಫಕೀರವ್ವ ಚಿಕ್ಕಮ್ಮ ಅವಳ ಮಗ್ಗುಲಿಗೆ ಬಂದು ನಿಂತಳು, ಇನ್ನೂ ಕೂತಿರಲಿಲ್ಲ.

"ಏಳ್ರಿ," ಎಂದ ಅಡಿವೆಪ್ಪ. "ಇದು ಇನ್ನ ನಿಮ್ಮ ಮನಿ ಅಲ್ಲ. ಹೊರಗ ನಡೀರಿ."

"ಏಳಾಂಗಿಲ್ಲ," ಎಂದಳು ಅವ್ವ.